ಲಾಟದೇಶದ ಸಮಾನನಾಮರು

ಚರಿತ್ರೆಯಲ್ಲಿ ಹೆಸರೆಂಬುದು ವ್ಯಕ್ತಿಯನ್ನು ಗುರುತಿಸುವ ಮೊದಲನೆಯ ಸಾಧನ. ಆದರೆ ಒಂದೇ ಹೆಸರನ್ನು ಹಲವರು ಹೊತ್ತಿರುವಾಗ ಆ ಸಾಧನವೇ ಅವರನ್ನು ಮರೆಮಾಡುವ ತೆರೆಯಾಗಿ ಪರಿಣಮಿಸುವುದುಂಟು. ಕನ್ನಡ ಸಾಹಿತ್ಯಚರಿತ್ರೆಯನ್ನು ಬಲ್ಲವರಿಗೆ ಈ ತೊಡಕು ಹೊಸದಲ್ಲ. ಛಂದೋಂಬುಧಿಯ ನಾಗವರ್ಮನನ್ನೂ ಕಾವ್ಯಾವಲೋಕನದ ನಾಗವರ್ಮನನ್ನೂ ಬೇರ್ಪಡಿಸಿ ನಿಲ್ಲಿಸಲು ವಿದ್ವಾಂಸರು ಎಷ್ಟು ಶ್ರಮಪಡಬೇಕಾಯಿತೆಂಬುದು ವಾಚಕರಿಗೆ ವಿದಿತವೇ ಇದೆ. ಇದೇ ತೊಡಕು ಕರ್ಣಾಟಕದ ರಾಜವಂಶಗಳ ಇತಿಹಾಸದಲ್ಲಿಯೂ, ಅದರಲ್ಲಿಯೂ ಆ ವಂಶಗಳ ಶಾಖೆಗಳು ನೆಲಸಿದ್ದ ಗುಜರಾತಿನ ದಕ್ಷಿಣಭಾಗದಲ್ಲಿಯೂ, ಇನ್ನೂ ಹೆಚ್ಚು ಜಟಿಲವಾಗಿ ಕಾಣಬರುತ್ತದೆ. ಈ ಭಾಗಕ್ಕೆ ಪ್ರಾಚೀನಕಾಲದಲ್ಲಿ ಲಾಟವೆಂದು ಹೆಸರು.

ತಾಪೀನದಿಯ ದಡದ ಕತಾರ್‌ಗಾಮ್ ಇಂದು ಸೂರತ್ ಮಹಾನಗರದೊಳಗೆ ಸೇರಿಹೋಗಿರುವ ಒಂದು ಪ್ರದೇಶ. ವಜ್ರಗಳಿಗೆ ಸಾಣೆಹಿಡಿಯುವ ಕೆಲಸಕ್ಕೆ ಹೆಸರಾದುದು. ಈ ಸ್ಥಳವನ್ನು ನಡುವಾಗಿಟ್ಟುಕೊಂಡು ಸುತ್ತ ದೃಷ್ಟಿ ಹಾಯಿಸಿದರೆ ದಕ್ಷಿಣಕ್ಕೆ ನವಸಾರಿ, ಪೂರ್ವದ ಕಡೆಗೆ ಕಾಮರೇಜ್, ಆಗ್ನೇಯಕ್ಕೆ ಬಗುಮ್ರಾ, ಉತ್ತರಕ್ಕೆ ಅಂಕಲೇಶ್ವರ, ಭರೂಚ್, ಅವುಗಳಾಚೆ ವಡೋದರಾ ತೋರುತ್ತವೆ. ಶಾಸನಗಳಲ್ಲಿ ಇವುಗಳಲ್ಲಿ ಹಲವಕ್ಕೆ ನವಸಾರಿಕಾ, ಕಾರ್ಮಣೇಯ, ಅಂಕುಲೇಶ್ವರ, ಭರುಕಚ್ಛ, ವಟಪದ್ರಕ ಎಂಬ ಹೆಸರುಗಳಿವೆ. ಬಾದಾಮಿಯ ಚಾಲುಕ್ಯರ ಶಾಖೆಯೊಂದೂ, ಅನಂತರ ರಾಷ್ಟ್ರಕೂಟರ ಶಾಖೆಗಳೂ ಈ ನಾಡನ್ನು ಆಳಿದುವು. ಅವರ ತಾಮ್ರಶಾಸನಗಳು ಈ ಊರುಗಳಲ್ಲಿಯೇ ದೊರೆತಿವೆ. ಆ ತಗಡುಗಳನ್ನು ಓದುವ ಕನ್ನಡಿಗನಿಗೆ ಮೊದಲು ಆಶ್ಚರ್ಯವಾಗುವುದು ಹೆಸರುಗಳ ಪರಿಚಯದಿಂದ: ಪುಲಕೇಶಿ, ಜಯಸಿಂಹ, ಗೋವಿಂದ, ಧ್ರುವ, ಕರ್ಕ, ಕೃಷ್ಣ. ಇವರೆಲ್ಲ ತನಗೆ ಗೊತ್ತಿರುವ ಅರಸರೇ ಎಂದು ಅವನು ಭಾವಿಸುತ್ತಾನೆ. ವಸ್ತುತಃ ಇವರಲ್ಲಿ ಬಹುಮಂದಿ ಬೇರೆಯವರು.

ಈ ನಾಮಸಾಮ್ಯ ಆಕಸ್ಮಿಕವಲ್ಲ. ಪೂರ್ವಿಕನ ಹೆಸರನ್ನು, ವಿಶೇಷವಾಗಿ ಅಜ್ಜನ ಅಥವಾ ಮುತ್ತಜ್ಜನ ಹೆಸರನ್ನು, ಮಗುವಿಗಿಡುವ ಪದ್ಧತಿ ಕನ್ನಡನಾಡಿನ ಮನೆಗಳಲ್ಲಿ ಇಂದಿಗೂ ಉಳಿದಿದೆ. ಅರಮನೆಗಳಲ್ಲಿಯೂ ಅದೇ ನಡೆಯುತ್ತಿದ್ದಿತು. ಮೊದಲನೆಯ ಪುಲಕೇಶಿಯ ಮಗ ಕೀರ್ತಿವರ್ಮ, ಅವನ ಮಗ ಎರಡನೆಯ ಪುಲಕೇಶಿ. ಮೊದಲನೆಯ ವಿಕ್ರಮಾದಿತ್ಯನ ಮರಿಮಗ ಎರಡನೆಯ ವಿಕ್ರಮಾದಿತ್ಯ. ಹೆಸರು ಮರಳಿ ಬರುವುದು ವಂಶದ ಹಕ್ಕು ಮರಳಿ ಬಂದಂತೆಯೇ ಎಂಬ ಭಾವನೆ ಇದರಲ್ಲಿ ಅಡಗಿದೆ. ರಾಜ್ಯವು ಶಾಖೆಯಾಗಿ ಒಡೆದಾಗ ಶಾಖೆಯವರೂ ಪೂರ್ವಿಕರು ತಮ್ಮವರೇ ಎಂದು ಅದೇ ಹೆಸರುಗಳನ್ನು ಹಿಡಿದುಕೊಂಡರು. ಹೀಗಾಗಿ ಎರಡು ರಾಜಧಾನಿಗಳಲ್ಲಿ ಏಕಕಾಲಕ್ಕೆ ಒಂದೇ ಹೆಸರಿನ ಇಬ್ಬರು ಇರುವ ಸಂಭವ ಒದಗಿತು.

ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಇಮ್ಮಡಿ, ಮುಮ್ಮಡಿ ಎಂದು ನಾವು ಈ ಅರಸರ ಹೆಸರುಗಳಿಗೆ ಸೇರಿಸುವ ಎಣಿಕೆ ಅವರದಲ್ಲ. ಅದು ಆಧುನಿಕ ಇತಿಹಾಸಕಾರರು ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು. ಈ ಎಣಿಕೆ ಮುಖ್ಯ ರಾಜಧಾನಿಯ ಸಿಂಹಾಸನವನ್ನು ಅನುಸರಿಸುತ್ತದೆ. ಬಾದಾಮಿಯಲ್ಲಿಯೋ ಮಾನ್ಯಖೇಟದಲ್ಲಿಯೋ ಆಳದಿದ್ದವನಿಗೆ ಆ ಸಾಲಿನಲ್ಲಿ ಸ್ಥಾನವಿಲ್ಲ. ಎಣಿಕೆಯಿಂದ ಹೊರಗುಳಿದವನು ಕ್ರಮೇಣ ಸ್ಮರಣೆಯಿಂದಲೂ ಹೊರಗುಳಿಯುತ್ತಾನೆ. ಅವನ ಕಾರ್ಯಗಳು ಅದೇ ಹೆಸರಿನ ಹಿರಿಯನ ಲೆಕ್ಕಕ್ಕೆ ಸೇರಿಹೋಗುವ ಅಪಾಯವೂ ಇದೆ. ಲಾಟದ ಸಮಾನನಾಮರ ವಿಷಯದಲ್ಲಿ ವಿಚಾರಮಾಡಬೇಕಾದ ಮುಖ್ಯಾಂಶ ಇದೇ.

ಮೊದಲು ಪುಲಕೇಶಿಯ ಹೆಸರನ್ನು ತೆಗೆದುಕೊಳ್ಳಬಹುದು. ಬಾದಾಮಿಯ ಕೋಟೆಯನ್ನು ಕಟ್ಟಿಸಿದ ಮೊದಲನೆಯ ಪುಲಕೇಶಿಯ ಶಾಸನ ಶಕ ೪೬೫ರದು, ಎಂದರೆ ಕ್ರಿ.ಶ. ೫೪೩. ಹರ್ಷವರ್ಧನನನ್ನು ತಡೆದ ಎರಡನೆಯ ಪುಲಕೇಶಿಯ ಕೀರ್ತಿಯನ್ನು ಹೇಳುವ ಐಹೊಳೆಯ ಶಾಸನ ಕ್ರಿ.ಶ. ೬೩೪ರದು; ಲಾಟರು, ಮಾಳವರು, ಗುರ್ಜರರು ಅವನಿಗೆ ಮಣಿದರೆಂದು ಅಲ್ಲಿಯೇ ಉಕ್ತವಾಗಿದೆ. ಈ ಎರಡನೆಯ ಪುಲಕೇಶಿಯ ಮಗ ಮೊದಲನೆಯ ವಿಕ್ರಮಾದಿತ್ಯನು ಲಾಟದ ಆಡಳಿತವನ್ನು ತನ್ನ ತಮ್ಮನಾದ ಧರಾಶ್ರಯ ಜಯಸಿಂಹನಿಗೆ ವಹಿಸಿದನು. ಜಯಸಿಂಹನ ಮಕ್ಕಳಲ್ಲಿ ಯುವರಾಜ ಶ್ರ್ಯಾಶ್ರಯ ಶಿಲಾದಿತ್ಯ, ಜಯಾಶ್ರಯ ಮಂಗಲರಸ, ಅವನಿಜನಾಶ್ರಯ ಪುಲಕೇಶಿ ಎಂಬ ಮೂವರು ಶಾಸನಗಳಿಂದ ಪ್ರಸಿದ್ಧರು. ಈ ಕೊನೆಯವನು ಎರಡನೆಯ ಪುಲಕೇಶಿಯ ಮೊಮ್ಮಗ. ಅಜ್ಜನ ಹೆಸರನ್ನೇ ಹೊತ್ತವನು.

ಅವನ ನವಸಾರಿಯ ತಾಮ್ರಶಾಸನದಲ್ಲಿ ೪೯೦ ಎಂಬ ವರ್ಷವಿದೆ. ಇದನ್ನು ಶಕವರ್ಷವೆಂದು ತಿಳಿದರೆ ಕ್ರಿ.ಶ. ೫೬೮ ಆಗುತ್ತದೆ, ಆಗ ಶಾಸನದ ಪುಲಕೇಶಿಯು ಬಾದಾಮಿಯ ಮೊದಲನೆಯ ಪುಲಕೇಶಿಯ ಕಾಲದ ಹತ್ತಿರಕ್ಕೆ ಹೋಗಿ ನಿಲ್ಲುತ್ತಾನೆ. ಆದರೆ ಲಾಟದ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಹೆಚ್ಚಾಗಿ ಬಳಸಿದುದು ಆ ಪ್ರಾಂತದಲ್ಲಿ ರೂಢವಾಗಿದ್ದ ಕಲಚುರಿ ಸಂವತ್ಸರವನ್ನು. ಅದು ಕ್ರಿ.ಶ. ೨೪೮-೪೯ರಲ್ಲಿ ಆರಂಭವಾಗುವ ಗಣನೆ. ಆ ಲೆಕ್ಕದಂತೆ ೪೯೦ ಎಂಬುದು ಕ್ರಿ.ಶ. ೭೩೯ ಆಗುತ್ತದೆ. ಒಂದು ಗಣನೆಯನ್ನು ಮತ್ತೊಂದೆಂದು ಭಾವಿಸಿದರೆ ಮೊಮ್ಮಗನು ಮುತ್ತಜ್ಜನ ತಂದೆಯ ಕಾಲಕ್ಕೆ ಸರಿಯುವಷ್ಟು ವ್ಯತ್ಯಾಸ!

ಈ ಮೂರನೆಯವನ ಸಾಧನೆ ಅಲ್ಪವಲ್ಲ. ಸಿಂಧುದೇಶದ ಕಡೆಯಿಂದ ನುಗ್ಗಿದ ಅರಬರ ಸೈನ್ಯವನ್ನು ಶಾಸನವು ತಾಜಿಕರೆಂದು ಕರೆಯುತ್ತದೆ. ಸೈಂಧವ, ಕಚ್ಛೇಲ್ಲ, ಸೌರಾಷ್ಟ್ರ, ಚಾವೋಟಕ, ಮೌರ್ಯ, ಗುರ್ಜರ ಮೊದಲಾದ ರಾಜರನ್ನು ಸೋಲಿಸಿ, ದಕ್ಷಿಣಾಪಥವನ್ನು ಪ್ರವೇಶಿಸಬೇಕೆಂದು ಮೊದಲು ನವಸಾರಿಕೆಯ ಮೇಲೆ ಬಂದ ಆ ಸೈನ್ಯವನ್ನು ಅವನಿಜನಾಶ್ರಯ ಪುಲಕೇಶಿ ಮುರಿದನು. ಮಂಗಲರಸನ ಬಲಸಾಡದ ಶಾಸನ ಶಕ ೬೫೩ರದು, ಎಂದರೆ ಕ್ರಿ.ಶ. ೭೩೧ರದಾಗಿರುವುದರಿಂದ ಪುಲಕೇಶಿಯ ಆಡಳಿತವೂ ಈ ಕಾಳಗವೂ ೭೩೧ರಿಂದ ೭೩೯ರ ನಡುವಣ ಅವಧಿಗೆ ಸೇರಬೇಕು. ಬಾದಾಮಿಯ ದೊರೆಯಾಗಿದ್ದ ಎರಡನೆಯ ವಿಕ್ರಮಾದಿತ್ಯನು ಸಂತೋಷಗೊಂಡು ಅವನಿಗೆ ದಕ್ಷಿಣಾಪಥದ ಆಧಾರಸ್ತಂಭ, ಚಾಲುಕ್ಯಕುಲಾಲಂಕಾರ, ಪೃಥ್ವೀವಲ್ಲಭ, ಅನಿವರ್ತಕರನ್ನು ನಿವರ್ತಿಸಿದವನು ಎಂಬರ್ಥದ ಬಿರುದುಗಳನ್ನಿತ್ತನು. ಹಿಂದಿರುಗದವರನ್ನು ಹಿಂದಿರುಗಿಸಿದ ಈ ವೀರನಿಗೆ ಇಮ್ಮಡಿಯೆಂದಾಗಲಿ ಮುಮ್ಮಡಿಯೆಂದಾಗಲಿ ಎಣಿಕೆ ದೊರೆಯಲಿಲ್ಲ. ಪುಲಕೇಶಿ ಎಂದೊಡನೆ ನರ್ಮದೆಯ ತೀರದ ಅಜ್ಜನು ನೆನಪಿಗೆ ಬರುವನೇ ಹೊರತು ತಾಪಿಯ ದಕ್ಷಿಣದ ಮೊಮ್ಮಗನು ಬರುವುದಿಲ್ಲ.

ಪುಲಕೇಶಿಯ ತಂದೆಯ ಹೆಸರಾದ ಜಯಸಿಂಹವೂ ಇಂತಹುದೇ. ಚಾಲುಕ್ಯವಂಶದ ಆದಿಯಲ್ಲಿ ಮೊದಲನೆಯ ಪುಲಕೇಶಿಯ ಅಜ್ಜನಾದ ಜಯಸಿಂಹನಿದ್ದಾನೆ. ನವಸಾರಿಯಲ್ಲಿ ಧರಾಶ್ರಯ ಜಯಸಿಂಹನಿದ್ದ ಕಾಲಕ್ಕೆ ಪೂರ್ವಸಮುದ್ರದ ವೇಂಗಿಯಲ್ಲಿ ಕುಬ್ಜವಿಷ್ಣುವರ್ಧನನ ಮಗನಾದ ಮತ್ತೊಬ್ಬ ಜಯಸಿಂಹನು ಆಳುತ್ತಿದ್ದನು. ಇವರಿಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಒಬ್ಬನು ಪಶ್ಚಿಮದ ಗಡಿಯಲ್ಲಿ, ಇನ್ನೊಬ್ಬನು ಪೂರ್ವದ ಗಡಿಯಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಜಗದೇಕಮಲ್ಲ ಜಯಸಿಂಹನೂ, ಆರನೆಯ ವಿಕ್ರಮಾದಿತ್ಯನ ಮೇಲೆ ತಿರುಗಿಬಿದ್ದ ತಮ್ಮ ಜಯಸಿಂಹನೂ ಕಾಣಿಸಿಕೊಳ್ಳುತ್ತಾರೆ. ಅಣಹಿಲಪಾಟಕದ ಚೌಲುಕ್ಯರಲ್ಲಿ ಸಿದ್ಧರಾಜ ಜಯಸಿಂಹನು ಗುಜರಾತಿನ ಅತ್ಯಂತ ಖ್ಯಾತ ಅರಸರಲ್ಲೊಬ್ಬನು. ಅವನ ತಾಯಿ ಮಯಣಲ್ಲದೇವಿ ಕದಂಬ ಜಯಕೇಶಿಯ ಮಗಳೆಂದು ಹೇಮಚಂದ್ರನ ದ್ವ್ಯಾಶ್ರಯಕಾವ್ಯದಿಂದ ತಿಳಿಯುತ್ತದೆ. ಹೀಗೆ ಸಿದ್ಧರಾಜನಲ್ಲಿ ಕರ್ಣಾಟಕದ ರಕ್ತವಿದ್ದುದು ನಿಜ. ಆದರೆ ಅದು ತಾಯಿಯ ಕಡೆಯದು. ಚಾಲುಕ್ಯ, ಚೌಲುಕ್ಯ ಎಂಬ ಕುಲನಾಮಗಳ ಸಾಮ್ಯವನ್ನೂ ಜಯಸಿಂಹ ಎಂಬ ಅಂಕಿತನಾಮದ ಸಾಮ್ಯವನ್ನೂ ಒಟ್ಟಿಗೆ ನೋಡಿ ಅವನನ್ನು ಬಾದಾಮಿಯ ವಂಶಕ್ಕೆ ಸೇರಿಸುವುದು ಯುಕ್ತವಲ್ಲ.

ರಾಷ್ಟ್ರಕೂಟರ ಕಾಲಕ್ಕೆ ಬಂದರೆ ಸಮಸ್ಯೆ ಇಮ್ಮಡಿಯಾಗುತ್ತದೆ. ಚಾಲುಕ್ಯರಲ್ಲಿ ಹೆಸರು ಒಂದೇ ಆದರೂ ಧರಾಶ್ರಯ, ಅವನಿಜನಾಶ್ರಯ ಎಂಬ ಬಿರುದುಗಳು ಬೇರೆಯಾಗಿ ನಿಂತು ಸಹಾಯಮಾಡುತ್ತವೆ. ರಾಷ್ಟ್ರಕೂಟರಲ್ಲಿ ಬಿರುದುಗಳೂ ಹೆಸರಿನೊಡನೆ ಪರಂಪರೆಯಾಗಿ ಬರುತ್ತವೆ. ಗೋವಿಂದನೆಂದರೆ ಬಹುಮಟ್ಟಿಗೆ ಪ್ರಭೂತವರ್ಷ. ಧ್ರುವನೆಂದರೆ ಧಾರಾವರ್ಷ, ನಿರುಪಮ. ಕೃಷ್ಣನೆಂದರೆ ಅಕಾಲವರ್ಷ, ಶುಭತುಂಗ. ಆದುದರಿಂದ ಲಾಟದಲ್ಲಿ ಅಕಾಲವರ್ಷ ಶುಭತುಂಗನೆಂಬ ಬಿರುದುಗಳಿಂದಲೇ ಪ್ರಸಿದ್ಧನಾದ ಒಬ್ಬನ ಅಂಕಿತನಾಮ ಕೃಷ್ಣನೆಂದಿರಬೇಕೆಂದು ಊಹಿಸಲು ಅವಕಾಶವಾಗಿದೆ. ಆದರೆ ಈ ನಿಯಮವನ್ನೂ ಸಂಪೂರ್ಣವಾಗಿ ನಂಬುವಂತಿಲ್ಲ. ಸುವರ್ಣವರ್ಷನೆಂಬುದು ಲಾಟದ ಕರ್ಕನ ಬಿರುದು. ಒಂದು ಶತಮಾನಕ್ಕೂ ಮೀರಿದ ಮೇಲೆ ಅದೇ ಬಿರುದನ್ನು ಮಾನ್ಯಖೇಟದ ನಾಲ್ಕನೆಯ ಗೋವಿಂದನು ಧರಿಸಿದನು. ಆ ಗೋವಿಂದನ ಶಾಸನವೊಂದು ಖಂಭಾತದಲ್ಲಿ ದೊರೆತಿದೆ. ಅದರ ಕಾಲ ಶಕ ೮೫೨.

ಕರ್ಕ ಅಥವಾ ಕಕ್ಕ ಎಂಬ ಹೆಸರಿನವರು ಕಡಮೆಯೆಂದರೂ ನಾಲ್ವರಿದ್ದಾರೆ. ಮೊದಲನೆಯ ಕೃಷ್ಣನ ತಂದೆ ಒಬ್ಬನು. ಸೂರತ್ ಪ್ರಾಂತದ ಆಂತ್ರೋಲಿ ಛಾರೋಲಿಯಲ್ಲಿ ದೊರೆತ ಶಕ ೬೭೯ರ, ಎಂದರೆ ಕ್ರಿ.ಶ. ೭೫೭ರ ಶಾಸನದಲ್ಲಿ ಕಕ್ಕ, ಧ್ರುವ, ಗೋವಿಂದ, ಮತ್ತೆ ಕಕ್ಕ ಎಂಬ ನಾಲ್ಕು ತಲೆಗಳು ಬರುತ್ತವೆ. ಎಲ್ಲವೂ ಮುಖ್ಯವಂಶದಲ್ಲಿ ಪ್ರಸಿದ್ಧವಾದ ಹೆಸರುಗಳೇ, ಆದರೆ ವ್ಯಕ್ತಿಗಳು ಮೊದಲಿಂದ ಕೊನೆಯವರೆಗೆ ಅದೇ ಕ್ರಮದಲ್ಲಿ ಮುಖ್ಯವಂಶದಲ್ಲಿಲ್ಲ. ಈ ಎರಡನೆಯ ಕಕ್ಕನು ಲಾಟದ ಮೊದಲ ಶಾಖೆಯವನು. ಮುಮ್ಮಡಿ ಗೋವಿಂದನು ಲಾಟವನ್ನು ತನ್ನ ತಮ್ಮನಾದ ಇಂದ್ರನಿಗೆ ಕೊಟ್ಟಾಗ ಎರಡನೆಯ ಶಾಖೆ ಹುಟ್ಟಿತು. ಆ ಇಂದ್ರನ ಮಗ ಸುವರ್ಣವರ್ಷ ಕರ್ಕ. ನಾಲ್ಕನೆಯವನು ಕ್ರಿ.ಶ. ೯೭೩ರಲ್ಲಿ ಇಮ್ಮಡಿ ತೈಲಪನಿಂದ ರಾಜ್ಯವನ್ನು ಕಳೆದುಕೊಂಡ ಮಾನ್ಯಖೇಟದ ಕರ್ಕ. ರಾಜ್ಯವನ್ನು ಕಳೆದುಕೊಂಡ ಕರ್ಕನ ಹೆಸರು ಎಲ್ಲ ಪಠ್ಯಗ್ರಂಥಗಳಲ್ಲಿದೆ. ರಾಜ್ಯವನ್ನು ಉಳಿಸಿಕೊಟ್ಟ ಕರ್ಕನನ್ನು ಬಲ್ಲವರು ವಿರಳ.

ಸುವರ್ಣವರ್ಷ ಕರ್ಕನು ಉಳಿಸಿಕೊಟ್ಟುದು ಯಾರ ರಾಜ್ಯವನ್ನು? ಅಮೋಘವರ್ಷ ನೃಪತುಂಗನದನ್ನು. ಗೋವಿಂದನು ಉತ್ತರದ ದಂಡಯಾತ್ರೆಯಿಂದ ಮರಳುತ್ತ ಮಳೆಗಾಲವನ್ನು ಶ್ರೀಭವನವೆಂಬಲ್ಲಿ ಕಳೆದಾಗ ಈ ಮಗನು ಹುಟ್ಟಿದನೆಂದು ಶಕ ೭೯೩ರ ಸಂಜಾನ ಶಾಸನ ಹೇಳುತ್ತದೆ. ಶ್ರೀಭವನವೆಂದರೆ ಭರೂಚ್ ಜಿಲ್ಲೆಯ ಸರ್ಭೋಣ ಎಂದು ಗುರುತಿಸಲಾಗಿದೆ. ಕವಿರಾಜಮಾರ್ಗದ ಆಶ್ರಯದಾತನು ಹುಟ್ಟಿದುದು ಹೀಗೆ ಲಾಟದೇಶದಲ್ಲಿ. ಗೋವಿಂದನು ಕ್ರಿ.ಶ. ೮೧೪ರಲ್ಲಿ ತೀರಿಕೊಂಡಾಗ ಅವನು ಇನ್ನೂ ಬಾಲಕ. ಸಾಮಂತರೂ ಬಂಧುಗಳೂ ದಂಗೆಯೆದ್ದರು; ಸಿಂಹಾಸನ ಕೈತಪ್ಪಿತು. ಆಗ ಅವನಿಗೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಸಂಬಂಧದಲ್ಲಿ ಅಣ್ಣನಾಗಿದ್ದ ಲಾಟದ ಕರ್ಕನು ದಂಗೆಯನ್ನಡಗಿಸಿ ಅವನನ್ನು ಮರಳಿ ಪಟ್ಟದಲ್ಲಿ ನಿಲ್ಲಿಸಿದನು. ಕರ್ಕನ ಶಕ ೭೩೮ರ ನವಸಾರಿ ಶಾಸನದಲ್ಲಿ ಈ ವಿಷಯವಿಲ್ಲ. ಶಕ ೭೪೩ರ ಸೂರತ್ ಶಾಸನದಲ್ಲಿದೆ. ಆದುದರಿಂದ ಈ ಘಟನೆ ಕ್ರಿ.ಶ. ೮೧೬ಕ್ಕೂ ೮೨೧ಕ್ಕೂ ನಡುವೆ ನಡೆದಿರಬೇಕು. ಸಂಜಾನ ಶಾಸನದಲ್ಲಿ ಅಮೋಘವರ್ಷನೇ ಸ್ಮರಿಸುವ ಪಾತಾಳಮಲ್ಲನೆಂಬ ಸಹಾಯಕನು ಈ ಕರ್ಕನೇ ಎಂದು ವಿದ್ವಾಂಸರು ತಿಳಿಯುತ್ತಾರೆ.

ಇದರ ಮಹತ್ತ್ವವನ್ನು ಅಳೆಯುವುದು ಕಷ್ಟವಲ್ಲ. ಆ ಬಾಲಕನು ಮರಳಿ ಪಟ್ಟಕ್ಕೆ ಬಾರದಿದ್ದರೆ ಅರುವತ್ತು ವರ್ಷಗಳಿಗೂ ಮಿಗಿಲಾದ ಆ ಆಳ್ವಿಕೆ ಇಲ್ಲ. ಕನ್ನಡದಲ್ಲಿ ಉಪಲಬ್ಧವಾಗಿರುವ ಮೊತ್ತಮೊದಲಿನ ಗ್ರಂಥವು ಹುಟ್ಟಿದ ಆಸ್ಥಾನವೂ ಇಲ್ಲ. ಇದೇ ಕರ್ಕನ ಶಕ ೭೩೪ರ ಶಾಸನವು ಅಂಕೋಟ್ಟಕ ಎಂಬತ್ತನಾಲ್ಕರೊಳಗಿನ ವಟಪದ್ರಕವೆಂಬ ಗ್ರಾಮವನ್ನು ವಲಭಿಯಿಂದ ಬಂದ ಭಾನುವೆಂಬ ಬ್ರಾಹ್ಮಣನಿಗೆ ದತ್ತಿಕೊಟ್ಟುದನ್ನು ತಿಳಿಸುತ್ತದೆ. ಆ ವಟಪದ್ರಕವೇ ಇಂದಿನ ವಡೋದರಾ. ಅಂಕೋಟ್ಟಕವು ಅದೇ ನಗರದ ಅಕೋಟಾ. ಸೂರತ್ ಶಾಸನದಲ್ಲಿ ನಾಗಸಾರಿಕೆಯ ಜಿನಾಲಯಕ್ಕೆ ಅವನು ಕೊಟ್ಟ ಭೂಮಿಯ ಉಲ್ಲೇಖವಿದೆ. ಹೀಗೆ ಗುಜರಾತಿನ ಒಂದು ದೊಡ್ಡ ನಗರದ ಹೆಸರೂ ಕನ್ನಡದ ಒಂದು ದೊಡ್ಡ ಗ್ರಂಥದ ಭಾಗ್ಯವೂ ಒಬ್ಬನೇ ವ್ಯಕ್ತಿಯಲ್ಲಿ ಬಂದು ಕೂಡುತ್ತವೆ.

ಕರ್ಕನ ತಮ್ಮನ ಹೆಸರು ಗೋವಿಂದ, ಬಿರುದು ಪ್ರಭೂತವರ್ಷ. ಹೆಸರಿನಲ್ಲಿಯೂ ಬಿರುದಿನಲ್ಲಿಯೂ ಅವನು ತನ್ನ ದೊಡ್ಡಪ್ಪನಾದ ಮುಮ್ಮಡಿ ಗೋವಿಂದನೊಡನೆ ಏಕವಾಗುತ್ತಾನೆ. ಅವನ ಕಾವೀ ಶಾಸನ ಶಕ ೭೪೯ರದು, ಎಂದರೆ ಕ್ರಿ.ಶ. ೮೨೭. ತಂದೆಯ ಹೆಸರನ್ನು ನೋಡದೆ ಇದನ್ನು ಓದಿದರೆ ಮುಮ್ಮಡಿ ಗೋವಿಂದನು ಸತ್ತು ಹದಿಮೂರು ವರ್ಷಗಳಾದ ಮೇಲೂ ದಾನಕೊಡುತ್ತಿದ್ದಂತಾಗುತ್ತದೆ. ಕರ್ಕನು ಇನ್ನೂ ಆಳುತ್ತಿದ್ದಾಗಲೇ ಈ ಗೋವಿಂದನ ಹೆಸರು ಕಾಣಬರುವುದರಿಂದ ತಮ್ಮನು ಅಣ್ಣನ ರಾಜ್ಯವನ್ನು ಅಪಹರಿಸಿದನೆಂದು ಹಿಂದೆ ಕೆಲವರು ಭಾವಿಸಿದ್ದುಂಟು. ಅಣ್ಣನು ಅಮೋಘವರ್ಷನ ಕಾರ್ಯಕ್ಕಾಗಿ ದಕ್ಷಿಣದಲ್ಲಿದ್ದಾಗ ತಮ್ಮನು ನಾಡನ್ನು ನೋಡಿಕೊಂಡನೆಂಬ ವಿವರಣೆ ಅದಕ್ಕಿಂತ ಸಮಂಜಸವಾಗಿದೆ.

ಧ್ರುವರ ಕಥೆ ವಿಷಾದಕರ. ಮುಮ್ಮಡಿ ಗೋವಿಂದನ ತಂದೆ ಧ್ರುವ ಧಾರಾವರ್ಷನಲ್ಲದೆ ಲಾಟದಲ್ಲಿ ಕರ್ಕನ ಮಗನಾದ ಧ್ರುವನೂ, ಅವನ ಮೊಮ್ಮಗನಾದ ಇನ್ನೊಬ್ಬ ಧ್ರುವನೂ ಇದ್ದರು. ಮೂವರೂ ಧಾರಾವರ್ಷರು, ಮೂವರೂ ನಿರುಪಮರು. ಕರ್ಕನ ಮಗನ ಬರೋಡಾ ಶಾಸನ ಶಕ ೭೫೭ರದು. ಮೊಮ್ಮಗನ ಬಗುಮ್ರಾ ಶಾಸನ ಶಕ ೭೮೯ರದು. ಎರಡನೆಯದರಲ್ಲಿ ಹಿರಿಯ ಧ್ರುವನು ವಲ್ಲಭನ ಸೈನ್ಯದೊಡನೆ ಹೋರಾಡಿ ನೂರಾರು ಗಾಯಗಳನ್ನು ತಾಳಿ ಮಡಿದನೆಂದಿದೆ. ವಲ್ಲಭನೆಂದರೆ ಇಲ್ಲಿ ಅಮೋಘವರ್ಷನೇ. ಯಾವನ ಪಟ್ಟವನ್ನು ತಂದೆ ಕಾಪಾಡಿದನೋ ಅವನೊಡನೆಯೇ ಕಾದಾಡಿ ಮಗನು ಪ್ರಾಣಬಿಟ್ಟನು. ಮೂವರು ಧ್ರುವರನ್ನು ಒಂದಾಗಿಸಿದರೆ ಈ ದುರಂತವೇ ಮರೆಯಾಗಿಹೋಗುತ್ತದೆ.

ನಾಮಸಾಮ್ಯದ ಪರಾಕಾಷ್ಠೆಯನ್ನು ಕೃಷ್ಣರಲ್ಲಿ ಕಾಣಬಹುದು. ಶಕ ೮೧೦ರಲ್ಲಿ, ಎಂದರೆ ಕ್ರಿ.ಶ. ೮೮೮ರಲ್ಲಿ, ಅಂಕುಲೇಶ್ವರದಿಂದ ಶಾಸನವನ್ನು ಹೊರಡಿಸಿದ ಲಾಟದ ದೊರೆ ಅಕಾಲವರ್ಷ ಕೃಷ್ಣ. ಅದೇ ವರ್ಷ ಮಾನ್ಯಖೇಟದ ಸಿಂಹಾಸನದಲ್ಲಿ ಕುಳಿತಿದ್ದ ಅಮೋಘವರ್ಷನ ಮಗನೂ ಅಕಾಲವರ್ಷ ಕೃಷ್ಣ. ಹೆಸರೊಂದೇ, ಬಿರುದೊಂದೇ, ಕುಲವೊಂದೇ, ಕಾಲವೂ ಒಂದೇ. ಬೇರ್ಪಡಿಸುವುದು ಶಾಸನದ ಒಂದು ಮಾತು: ಲಾಟದ ಕೃಷ್ಣನು ಉಜ್ಜಯಿನಿಯಲ್ಲಿ ವಲ್ಲಭನ ಸಮಕ್ಷಮದಲ್ಲಿ ಶತ್ರುಗಳನ್ನು ಗೆದ್ದನು. ನೋಡುತ್ತಿದ್ದವನೊಬ್ಬನು, ಗೆದ್ದವನೊಬ್ಬನು, ಒಬ್ಬ ಕೃಷ್ಣನ ಮುಂದೆ ಇನ್ನೊಬ್ಬ ಕೃಷ್ಣನು ಯುದ್ಧಮಾಡಿದನು. ಇದಾದ ಮೇಲೆ ಲಾಟದ ಶಾಖೆ ಕಣ್ಮರೆಯಾಗುತ್ತದೆ. ಶಕ ೮೩೨ರ ಕಪಡವಂಜ ಶಾಸನದ ಹೊತ್ತಿಗೆ ಆ ಭಾಗದಲ್ಲಿ ಮಾನ್ಯಖೇಟದ ಕೃಷ್ಣನ ಮಹಾಸಾಮಂತನಾದ ಪ್ರಚಂಡನೆಂಬವನನ್ನು ಕಾಣುತ್ತೇವೆ. ಕೊನೆಗುಳಿದುದು ಒಬ್ಬನೇ ಕೃಷ್ಣ. ಇತಿಹಾಸಕಾರರ ಎಣಿಕೆಯಲ್ಲಿಯೂ ಅವನೇ ಉಳಿದನು.

ಅರಸರಂತೆಯೇ ಆಚಾರ್ಯರಲ್ಲಿಯೂ ಈ ತೊಡಕುಂಟು. ಜಿನಸೇನರೆಂಬ ಹೆಸರಿನ ಇಬ್ಬರನ್ನು ಇಲ್ಲಿ ನೆನೆಯಬೇಕು. ಒಬ್ಬರು ಹರಿವಂಶಪುರಾಣದ ಕರ್ತೃಗಳು. ಅವರದು ಪುನ್ನಾಟಸಂಘ, ಪುನ್ನಾಟವೆಂಬುದು ಮೈಸೂರು ಪ್ರಾಂತದ ದಕ್ಷಿಣಭಾಗದ ಪ್ರಾಚೀನ ನಾಡು. ಅವರು ಗ್ರಂಥವನ್ನು ಶಕ ೭೦೫ರಲ್ಲಿ ವರ್ಧಮಾನಪುರದಲ್ಲಿ ಮುಗಿಸಿದರು; ಅದು ಸೌರಾಷ್ಟ್ರದ ವಢವಾಣವೆಂದು ಹಲವರ ಅಭಿಪ್ರಾಯ. ಇನ್ನೊಬ್ಬರು ವೀರಸೇನರ ಶಿಷ್ಯರು. ಶಕ ೭೫೯ರಲ್ಲಿ ಜಯಧವಲಾ ಟೀಕೆಯನ್ನು ಪೂರೈಸಿ, ಅನಂತರ ಪೂರ್ವಪುರಾಣವನ್ನು ರಚಿಸಿ, ಅಮೋಘವರ್ಷನಿಂದ ಪೂಜೆಗೊಂಡವರು. ಪಂಪನ ಆದಿಪುರಾಣಕ್ಕೆ ಆಧಾರವಾದುದು ಇವರ ಕೃತಿ. ಈ ಇಬ್ಬರೂ ಒಬ್ಬರೇ ಆಗಿರಲಾರರೆಂಬುದಕ್ಕೆ ದೂರ ಹುಡುಕಬೇಕಾಗಿಲ್ಲ: ಹರಿವಂಶದ ಜಿನಸೇನರು ತಮ್ಮ ಗ್ರಂಥದ ಆದಿಯಲ್ಲಿ ವೀರಸೇನರನ್ನೂ ಅವರ ಶಿಷ್ಯ ಜಿನಸೇನರನ್ನೂ ಸ್ತುತಿಸಿದ್ದಾರೆ. ಇದೇ ಗ್ರಂಥದ ಕೊನೆಯಲ್ಲಿ ಆಗ ದಕ್ಷಿಣವನ್ನಾಳುತ್ತಿದ್ದವನು ಕೃಷ್ಣನ ಮಗ ಶ್ರೀವಲ್ಲಭನೆಂದು ಹೇಳಿದೆ. ಇಮ್ಮಡಿ ಗೋವಿಂದ, ಧ್ರುವ ಇಬ್ಬರೂ ಕೃಷ್ಣನ ಮಕ್ಕಳಾದುದರಿಂದ ಈ ಶ್ರೀವಲ್ಲಭನು ಯಾರೆಂಬ ಚರ್ಚೆ ಬಹುಕಾಲ ನಡೆದಿದೆ. ತಂದೆಯ ಹೆಸರೂ ಕೆಲವೆಡೆ ಸಾಲದೆಂಬುದಕ್ಕೆ ಇದು ನಿದರ್ಶನ.

ರಾಷ್ಟ್ರಕೂಟರ ತರುವಾಯ ಲಾಟದಲ್ಲಿ ಬಾರಪ್ಪನ ವಂಶ ನೆಲೆಗೊಂಡಿತು. ಬಾರಪ್ಪನು ಕಲ್ಯಾಣದ ಚಾಲುಕ್ಯ ತೈಲಪನ ಸೇನಾನಿಯೆಂದು ಗುಜರಾತಿನ ಗ್ರಂಥಗಳು ಹೇಳುತ್ತವೆ. ಹೆಸರಿನ ಕೊನೆಯ ‘ಅಪ್ಪ’ ಕನ್ನಡಿಗರಿಗೆ ಅಪರಿಚಿತವಲ್ಲ. ಈ ವಂಶದ ತ್ರಿಲೋಚನಪಾಲನ ಶಾಸನ ಸೂರತ್ತಿನದು, ಶಕ ೯೭೨ರದು. ಅದಕ್ಕೆ ಮೂವತ್ತು ವರ್ಷಗಳಷ್ಟು ಹಿಂದೆ ಗಜನಿಯ ಮಹಮೂದನೊಡನೆ ಹೋರಾಡಿದ ಇಬ್ಬರು ತ್ರಿಲೋಚನಪಾಲರು ಉತ್ತರದಲ್ಲಿದ್ದರು: ಕ್ರಿ.ಶ. ೧೦೨೧ರಲ್ಲಿ ಮಡಿದ ಶಾಹಿವಂಶದವನೊಬ್ಬ, ೧೦೨೭ರ ಝೂಸೀ ಶಾಸನದ ಪ್ರತೀಹಾರನೊಬ್ಬ. ಮೂವರಿಗೂ ಪರಸ್ಪರ ವಂಶಸಂಬಂಧವಿಲ್ಲ. ನಾಮಸಾಮ್ಯವು ಕುಲಸಾಮ್ಯದಿಂದಲೇ ಬರಬೇಕೆಂದೇನೂ ಇಲ್ಲ.

ಈ ಉದಾಹರಣೆಗಳಿಂದ ಸಮಾನನಾಮರನ್ನು ಬೇರ್ಪಡಿಸುವ ಕ್ರಮ ಸ್ಪಷ್ಟವಾಗುತ್ತದೆ. ಮೊದಲು ತಂದೆಯ ಹೆಸರು, ಎರಡನೆಯದಾಗಿ ಬಿರುದು, ಮೂರನೆಯದಾಗಿ ಕಾಲ ಮತ್ತು ಅದು ಯಾವ ಗಣನೆಯದೆಂಬುದು, ನಾಲ್ಕನೆಯದಾಗಿ ಶಾಸನ ಹೊರಟ ಸ್ಥಳ, ಐದನೆಯದಾಗಿ ಅಧಿರಾಜನ ಉಲ್ಲೇಖ. ಇವುಗಳಲ್ಲಿ ಯಾವುದೊಂದೂ ತಾನಾಗಿ ಸಾಕಾಗುವುದಿಲ್ಲ. ಪುಲಕೇಶಿಯನ್ನು ಕಾಲಗಣನೆ ಬಿಡಿಸಿತು. ಗೋವಿಂದನನ್ನು ತಂದೆಯ ಹೆಸರು ಬಿಡಿಸಿತು. ಕೃಷ್ಣನನ್ನು ವಲ್ಲಭನೆಂಬ ಒಂದು ಪದ ಬಿಡಿಸಿತು. ವಜ್ರಕ್ಕೆ ಹಲವು ಮುಖಗಳನ್ನು ತೀಡಿದಾಗಲೇ ಅದರ ಬೆಳಕು ಹೊರಬೀಳುವಂತೆ, ಹೆಸರನ್ನು ಹಲವು ಕಡೆಗಳಿಂದ ತಿಕ್ಕಿ ನೋಡಿದಾಗಲೇ ಅದರೊಳಗಿನ ವ್ಯಕ್ತಿ ಹೊರಬರುತ್ತಾನೆ.

ಇದು ಕೇವಲ ಪಂಡಿತರ ಲೆಕ್ಕಾಚಾರವೆಂದು ತಳ್ಳಿಬಿಡಲಾಗದು. ಗುಜರಾತಿನ ನಗರಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಈ ನಾಡು ಪರನಾಡೆಂದು ತೋರುವುದು ಸಹಜ. ಆದರೆ ಅವರ ಭಾಷೆಯ ಆದಿಗ್ರಂಥಕ್ಕೆ ನೆರಳಾದ ದೊರೆ ಹುಟ್ಟಿದುದು ಈ ನೆಲದಲ್ಲಿ. ಅವನ ಪಟ್ಟವನ್ನು ಉಳಿಸಿದವನು ಆಳಿದುದು ಈ ನೆಲವನ್ನು. ದಕ್ಷಿಣಾಪಥದ ಬಾಗಿಲಲ್ಲಿ ನಿಂತು ಹಗೆಯನ್ನು ತಡೆದವನ ನಗರ ನವಸಾರಿ. ಇವರಿಗೆ ದೇವಾಲಯಗಳ ಗೋಡೆಗಳಲ್ಲಿ ಪ್ರಶಸ್ತಿಗಳಿಲ್ಲ, ಪಠ್ಯಗಳಲ್ಲಿ ಸಂಖ್ಯೆಗಳಿಲ್ಲ. ಇರುವುದು ಕೆಲವು ತಾಮ್ರದ ತಗಡುಗಳು, ಅವುಗಳ ಮೇಲೆ ಇನ್ನೊಬ್ಬರದೂ ಆಗಿರುವ ಒಂದೊಂದು ಹೆಸರು. ಆ ಹೆಸರನ್ನು ಸರಿಯಾದ ವ್ಯಕ್ತಿಗೆ ಹಿಂದಿರುಗಿಸುವುದೇ ಅವರಿಗೆ ಸಲ್ಲಬೇಕಾದ ಋಣ.